ಜಿಗಿತ ಪರದೆಯ ಮೇಲೆ, ನೋವು ಮಣಿಕಟ್ಟಿನಲ್ಲಿ

ದ್ವಿತೀಯ ಪಿಯುಸಿ ಓದುತ್ತಿರುವ ಹುಡುಗನೊಬ್ಬನನ್ನು ಅವನ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬಲಗೈ ಹೆಬ್ಬೆರಳಿನ ಬುಡದಲ್ಲಿ ನೋವು. ಪೆನ್ನು ಹಿಡಿದು ಅರ್ಧ ಪುಟ ಬರೆಯುವಷ್ಟರಲ್ಲಿ ಕೈ ಸೋತುಬಿಡುತ್ತದೆ.

“ಎಲ್ಲಾದರೂ ಬಿದ್ದೆಯೇನಪ್ಪಾ?” ಎಂದೆ.

“ಇಲ್ಲ ಸಾರ್.”

“ಕ್ರಿಕೆಟ್ ಆಡುವಾಗ ಚೆಂಡು ಬಡಿಯಿತೋ?”

“ಇಲ್ಲ ಸಾರ್. ಜಿಗಿದು ಜಿಗಿದು ಹೀಗಾಯ್ತು.”

ಎಲ್ಲಿಂದ ಜಿಗಿದೆ ಎಂದು ಕೇಳಿದರೆ ಹುಡುಗ ತಲೆ ತಗ್ಗಿಸಿದ. ತಾಯಿಯೇ ಉತ್ತರ ಕೊಟ್ಟರು. “ಕಂಪ್ಯೂಟರಿನಲ್ಲಿ ಜಿಗಿತಾನೆ ಡಾಕ್ಟ್ರೇ, ರಾತ್ರಿ ಎರಡು ಗಂಟೆ ತನಕ. ಪರೀಕ್ಷೆಗೆ ಎರಡೇ ತಿಂಗಳಿದೆ. ಬರೆಯೋ ಕೈಯನ್ನೇ ಹಾಳು ಮಾಡ್ಕೊಂಡು ಕೂತಿದ್ದಾನೆ.”

ನಗುವ ವಿಷಯವಲ್ಲ. ನಿಮ್ಮ ಮನೆಯಲ್ಲಿಯೂ ಹದಿಹರೆಯದ ಮಕ್ಕಳಿದ್ದರೆ, ಅಥವಾ ನೀವೇ ಇಂಥ ಆಟದ ಹವ್ಯಾಸಿಯಾಗಿದ್ದರೆ, ಈ ಜಿಗಿತ ಏನೆಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. “ಆಟ ನಿಲ್ಲಿಸು” ಎಂದು ಹೇಳಿ ಕಳುಹಿಸುವುದು ವೈದ್ಯರಿಗೆ ಸುಲಭ. ಆದರೆ ಆ ಮಾತನ್ನು ಯಾವ ಹುಡುಗನೂ ಕೇಳುವುದಿಲ್ಲ. ಅದಕ್ಕಿಂತ, ಅವನು ಕಲಿಯುತ್ತಿರುವ ವಿದ್ಯೆಯನ್ನು ಮಿದುಳು ಮತ್ತು ಕೈ ನಿಜವಾಗಿ ಹೇಗೆ ಕಲಿಯುತ್ತವೆ ಎಂದು ತಿಳಿಸಿದರೆ ಕಿವಿಗೊಡುತ್ತಾನೆ.

ಆ ಹುಡುಗ ಆಡುತ್ತಿದ್ದುದು ‘ಟೀಮ್ ಫೋರ್ಟ್ರೆಸ್ 2’ ಎಂಬ ಆಟ. ಇದರ ಮೂಲ 1996ರಷ್ಟು ಹಿಂದಿನದು. ಆ ವರ್ಷ ಬಂದ ‘ಕ್ವೇಕ್’ ಎಂಬ ಗುಂಡಿನ ಕಾಳಗದ ಆಟವನ್ನು ಆಸ್ಟ್ರೇಲಿಯಾದ ಮೂವರು ಯುವಕರು ತಂಡದ ಆಟವಾಗಿ ಮಾರ್ಪಡಿಸಿ ‘ಟೀಮ್ ಫೋರ್ಟ್ರೆಸ್’ ಎಂದು ಕರೆದರು. ಅದರ ಎರಡನೆಯ ಅವತಾರ 2007ರಲ್ಲಿ ಬಂತು. ಅದರಲ್ಲಿ ಒಂಬತ್ತು ಬಗೆಯ ಪಾತ್ರಗಳಿವೆ. ಓಟಗಾರನಾದ ‘ಸ್ಕೌಟ್’ ಆಟದ ಅಳತೆಯಲ್ಲಿ ಸೆಕೆಂಡಿಗೆ 400 ಘಟಕ ಓಡಿದರೆ, ರಾಕೆಟ್ ಹೊತ್ತ ‘ಸೋಲ್ಜರ್’ ಓಡುವುದು ಕೇವಲ 240. ಪಂದ್ಯದ ಆಟಗಾರರು ಸಾಮಾನ್ಯವಾಗಿ ತಂಡಕ್ಕೆ ಆರು ಮಂದಿಯಂತೆ ಆಡುತ್ತಾರೆ. ಆಟ ಆರಂಭವಾದ ಕೂಡಲೇ ಎರಡೂ ತಂಡಗಳು ನಡುವಿನ ಠಾಣೆಯತ್ತ ಧಾವಿಸುತ್ತವೆ. ಕಾಲ್ನಡಿಗೆಯಲ್ಲಿ ಹೋದ ಸೋಲ್ಜರ್ ಅಲ್ಲಿಗೆ ತಲುಪುವಷ್ಟರಲ್ಲಿ ಅವನ ಕಡೆಯವರು ಐವರಾಗಿ ಆರು ಮಂದಿಯ ಎದುರು ನಿಂತಿರುತ್ತಾರೆ. ಸ್ನೇಹಿತರ ಎದುರು ಇದು ಎಂಥ ಅವಮಾನ ಎಂಬುದು ಹದಿನೇಳರ ಹುಡುಗನಿಗೇ ಗೊತ್ತು.

ಇದಕ್ಕೆ ಉಪಾಯವೇ ‘ರಾಕೆಟ್ ಜಂಪ್’. ತನ್ನ ಕಾಲಬುಡಕ್ಕೇ ರಾಕೆಟ್ ಹಾರಿಸಿ, ಆ ಸ್ಫೋಟದ ನೂಕಿನಲ್ಲಿ ಮುಂದಕ್ಕೆ ಹಾರುವುದು. ವಾಸ್ತವದಲ್ಲಿ ಕಾಲೇ ಉಳಿಯದು. ಪರದೆಯ ಮೇಲಾದರೋ ಸೋಲ್ಜರ್‌ನ ಆರೋಗ್ಯದ 200 ಅಂಕಗಳಲ್ಲಿ ಒಂದಿಷ್ಟು ಕಳೆದುಹೋಗುತ್ತದೆ, ಅಷ್ಟೆ. ತಂಡದಲ್ಲಿರುವ ‘ಮೆಡಿಕ್’ ಎಂಬ ವೈದ್ಯ ತನ್ನ ಯಂತ್ರವನ್ನು ಅವನತ್ತ ತಿರುಗಿಸಿದರೆ ಕಳೆದ ಅಂಕಗಳು ಕೆಲವೇ ಕ್ಷಣಗಳಲ್ಲಿ ತುಂಬಿಕೊಳ್ಳುತ್ತವೆ. (ಅಂಥ ಯಂತ್ರವೊಂದು ನನ್ನ ಬಳಿ ಇದ್ದಿದ್ದರೆ ಹೊರಗಿನ ಬೆಂಚಿನಲ್ಲಿ ಜನ ಕಾಯಬೇಕಾಗಿರಲಿಲ್ಲ.)

ಕೇಳಲು ಸುಲಭ. ಮಾಡಲು ಹೊರಟರೆ ತಿಳಿಯುತ್ತದೆ. ಬಲಗೈಯ ಮೌಸನ್ನು ಜಾಡಿಸಿ ದೃಷ್ಟಿಯನ್ನು ಬೆನ್ನ ಹಿಂದಿನ ನೆಲಕ್ಕೆ ತಿರುಗಿಸಬೇಕು. ಅದೇ ಗಳಿಗೆಯಲ್ಲಿ ಎಡಗೈ ಹೆಬ್ಬೆರಳಿನಿಂದ ಸ್ಪೇಸ್ ಬಾರ್ ಒತ್ತಿ ನೆಗೆಯಬೇಕು, ಕಿರುಬೆರಳಿನಿಂದ ಕಂಟ್ರೋಲ್ ಕೀಲಿ ಒತ್ತಿ ಮೈ ಮುದುರಬೇಕು, ಬಲ ತೋರುಬೆರಳಿನಿಂದ ರಾಕೆಟ್ ಹಾರಿಸಬೇಕು. ಮರುಕ್ಷಣ ದೃಷ್ಟಿ ಮತ್ತೆ ಮುಂದಕ್ಕೆ. ಮೈ ಮುದುರದಿದ್ದರೆ ಎತ್ತರ ಸಿಗುವುದಿಲ್ಲ. ಗಾಳಿಯಲ್ಲಿರುವಾಗ ದಾರಿ ಬಾಗಿಸುವುದು ಇನ್ನೊಂದು ವಿದ್ಯೆ. ಹೊಸಬರು ಅಭ್ಯಾಸಬಲದಿಂದ ‘ಮುಂದಕ್ಕೆ’ ಕೀಲಿಯನ್ನೇ ಒತ್ತಿಕೊಂಡಿರುತ್ತಾರೆ. ಅದನ್ನು ಬಿಟ್ಟು ಎಡ ಅಥವಾ ಬಲದ ಕೀಲಿಯೊಂದನ್ನೇ ಒತ್ತಿ, ಅದೇ ಕಡೆಗೆ ಮೌಸನ್ನು ನಯವಾಗಿ ತಿರುಗಿಸಬೇಕು. ಕ್ವೇಕ್ ವಂಶದ ಆಟಗಳಲ್ಲಿ ಗಾಳಿಯಲ್ಲಿರುವ ಆಟಗಾರನ ಒಟ್ಟು ವೇಗವೆಷ್ಟು ಎಂದು ಲೆಕ್ಕ ಹಾಕುವುದಿಲ್ಲ. ಅವನು ಒತ್ತುತ್ತಿರುವ ದಿಕ್ಕಿನಲ್ಲಿ ವೇಗ ಎಷ್ಟಿದೆ ಎಂದಷ್ಟೇ ನೋಡಲಾಗುತ್ತದೆ. ಆದ್ದರಿಂದ ಹಾರುವ ದಿಕ್ಕಿಗೆ ಅಡ್ಡವಾಗಿ ಒತ್ತಿದಾಗ ಮಾತ್ರ ಹೊಸ ವೇಗ ಸೇರಿಕೊಳ್ಳುತ್ತದೆ. ಗಕ್ಕನೆ ತಿರುಗಿಸಿದರೆ ಬಾಗು ಕೈತಪ್ಪುತ್ತದೆ. ವೇಗದ ಗುಟ್ಟು ನಯದಲ್ಲಿದೆ ಎಂಬುದನ್ನು ಇಲ್ಲಿ ಗಮನಿಸಿ. ಕೈಯ ಬಲಕ್ಕೆ ಇಲ್ಲಿ ಯಾವ ಬೆಲೆಯೂ ಇಲ್ಲ.

ಈಗ ಮಿದುಳಿನ ಕಡೆಗೆ ಬರೋಣ. ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಲು ಆರೋಗ್ಯವಂತ ಯುವಕನಿಗೂ ಸುಮಾರು ಕಾಲು ಸೆಕೆಂಡು ಬೇಕು. ಮೇಲೆ ಹೇಳಿದ ಇಡೀ ಸರಪಣಿ ಅಷ್ಟರೊಳಗೆ ಮುಗಿದುಹೋಗಿರುತ್ತದೆ. ಅಂದರೆ ‘ನೆಗೆದೆನೋ ಇಲ್ಲವೋ’ ಎಂದು ನೋಡಿಕೊಂಡು ಆಮೇಲೆ ಗುಂಡಿ ಒತ್ತುವುದಕ್ಕೆ ಸಮಯವೇ ಇಲ್ಲ. ನಾಲ್ಕೈದು ಚಲನೆಗಳನ್ನು ಮಿದುಳು ಮೊದಲೇ ಒಂದು ಕಟ್ಟಾಗಿ ಕಟ್ಟಿಟ್ಟು, ಒಂದೇ ಅಪ್ಪಣೆಯಲ್ಲಿ ಹೊರಗೆ ಬಿಡಬೇಕು. ಈ ಕಟ್ಟು ಕಟ್ಟುವ ಕೆಲಸದಲ್ಲಿ ತಲೆಯ ಹಿಂಬದಿಯಲ್ಲಿರುವ ಕಿರುಮಿದುಳು, ಮಿದುಳಿನ ಒಳಭಾಗದ ನರಗಂಟುಗಳು ಹಾಗೂ ಚಲನೆಯನ್ನು ನಿಯಂತ್ರಿಸುವ ಹೊರಪದರ ಸೇರಿ ದುಡಿಯುತ್ತವೆ. ಸೈಕಲ್ ಕಲಿತದ್ದು, ಈಜು ಕಲಿತದ್ದು, ಟೈಪಿಂಗ್ ಕಲಿತದ್ದು ಎಲ್ಲವೂ ಹೀಗೆಯೇ.

ಟೈಪಿಂಗ್ ಎಂದಾಗ ಒಂದು ಸೊಗಸಾದ ಪ್ರಯೋಗ ನೆನಪಾಗುತ್ತದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಕೀಲಿಮಣೆ ಕಲಿಸಬೇಕಾಗಿ ಬಂದಾಗ ಬ್ಯಾಡ್ಲೆ ಮತ್ತು ಲಾಂಗ್‌ಮನ್ ಎಂಬ ಮನೋವಿಜ್ಞಾನಿಗಳು ಅವರನ್ನು ಗುಂಪುಗಳಾಗಿ ಮಾಡಿ ಕಲಿಸಿ ನೋಡಿದರು. ಫಲಿತಾಂಶ 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು ಕೀಲಿಗಳನ್ನು ರೂಢಿಸಿಕೊಳ್ಳಲು ಒಟ್ಟು ಸುಮಾರು 35 ಗಂಟೆ ತೆಗೆದುಕೊಂಡರು. ದಿನಕ್ಕೆ ಎರಡೆರಡು ಗಂಟೆಯ ಎರಡು ಪಾಠ, ಅಂದರೆ ನಾಲ್ಕು ಗಂಟೆ ಕಲಿತವರಿಗೆ ಅಷ್ಟೇ ವಿದ್ಯೆಗೆ ಸುಮಾರು 50 ಗಂಟೆ ಹಿಡಿಯಿತು! ಇದರಲ್ಲೊಂದು ತಮಾಷೆಯೂ ಇದೆ. ದಿನಕ್ಕೊಂದು ಗಂಟೆ ಕಲಿತವರೇ ತಮ್ಮ ತರಬೇತಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊಣಗಿದರು. ಉಳಿದವರಿಗಿಂತ ಹಿಂದೆ ಬೀಳುತ್ತಿದ್ದೇವೆ ಎಂಬ ಭಾವನೆ ಅವರದು. ಕಲಿಯುವವನಿಗೆ ತನ್ನ ಕಲಿಕೆಯ ಲೆಕ್ಕ ತಿಳಿಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ರಾತ್ರಿಯೆಲ್ಲಾ ಜಿಗಿದ ಹುಡುಗನಿಗೂ ಇದೇ ಭ್ರಮೆ. ಮೂರನೆಯ ಗಂಟೆಯಲ್ಲಿ ಜಿಗಿತ ಕೈಗೂಡಿದಂತೆ ಕಾಣುತ್ತದೆ, ಮರುದಿನ ಪಂದ್ಯದಲ್ಲಿ ಮಾಯವಾಗಿರುತ್ತದೆ.

ಮಾಯವಾಗುವುದಕ್ಕೆ ಇನ್ನೊಂದು ಕಾರಣ ನಿದ್ದೆಗೇಡಿತನ. ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಮ್ಯಾಥ್ಯೂ ವಾಕರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೀಲಿಗಳನ್ನು ನಿಗದಿತ ಕ್ರಮದಲ್ಲಿ ಎಡಗೈ ಬೆರಳುಗಳಿಂದ ಬೇಗಬೇಗ ಒತ್ತುವುದನ್ನು ಕಲಿಸಲಾಯಿತು. ರಾತ್ರಿ ನಿದ್ದೆ ಮಾಡಿ ಬಂದವರ ವೇಗ, ಮಧ್ಯೆ ಯಾವ ಅಭ್ಯಾಸವೂ ಇಲ್ಲದೆ, ಸುಮಾರು ಶೇಕಡ 20ರಷ್ಟು ಹೆಚ್ಚಿತ್ತು. ತಪ್ಪುಗಳು ಹೆಚ್ಚಿರಲಿಲ್ಲ. ಅಷ್ಟೇ ಹೊತ್ತು ಎಚ್ಚರವಾಗಿದ್ದವರಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಈ ಲಾಭದ ಪ್ರಮಾಣ ಎಷ್ಟು ಎಂಬ ಬಗ್ಗೆ ಅನಂತರ ತಜ್ಞರಲ್ಲಿ ಚರ್ಚೆ ನಡೆದಿದೆ, ನಿಜ. ಆದರೆ ಕೈಚಳಕ ಕಲಿಯುವವರಿಗೆ ನಿದ್ದೆಗೇಡು ಒಳ್ಳೆಯದೆಂದು ಹೇಳಿದವರನ್ನು ನಾನು ಕಂಡಿಲ್ಲ. ಇನ್ನೂ ಒಂದು ಸ್ವಾರಸ್ಯವೆಂದರೆ, ಆ ಲಾಭದ ನಂಟು ಕಂಡುಬಂದುದು ರಾತ್ರಿಯ ಕೊನೆಯ ಕಾಲುಭಾಗದ ನಿದ್ದೆಯ ಜೊತೆ. ಎರಡು ಗಂಟೆಗೆ ಮಲಗಿ ಆರಕ್ಕೆ ಟ್ಯೂಷನ್ನಿಗೆ ಏಳುವ ಹುಡುಗ ಕತ್ತರಿ ಹಾಕುತ್ತಿರುವುದು ಸರಿಯಾಗಿ ಆ ಭಾಗಕ್ಕೇ.

ಇನ್ನು ಕೈಯ ವಿಚಾರ. ಹೊಸ ಚಲನೆ ಕಲಿಯುವವರು ಮೊದಮೊದಲು ಮೈಯನ್ನು ಬಿಗಿ ಹಿಡಿಯುತ್ತಾರೆ. ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ವಿಜ್ಞಾನಿ ಸುತ್ತಿಗೆ ಹೊಡೆಯುವವರ ಚಲನೆಯನ್ನು 1920ರ ದಶಕದಲ್ಲೇ ಚಿತ್ರೀಕರಿಸಿ ಅಭ್ಯಸಿಸಿದ. ನುರಿತ ಕೆಲಸಗಾರನ ಸುತ್ತಿಗೆಯ ತುದಿ ಪ್ರತಿಸಲವೂ ಬಹುತೇಕ ಅದೇ ಜಾಗಕ್ಕೆ ಬೀಳುತ್ತದೆ, ಆದರೆ ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿಸಲವೂ ತುಸು ಬೇರೆ ಬೇರೆಯಾಗಿ ಚಲಿಸುತ್ತವೆ. ಕಲಿಯುವವನು ಇದಕ್ಕೆ ವಿರುದ್ಧ. ಅಷ್ಟೊಂದು ಕೀಲುಗಳನ್ನು ಒಟ್ಟಿಗೆ ನಿಭಾಯಿಸಲಾರದೆ ಕೆಲವನ್ನು ಬಿಗಿದು ಕಟ್ಟಿಬಿಡುತ್ತಾನೆ. ಸೈಕಲ್ ಕಲಿಯುವ ದಿನ ನೀವು ಹ್ಯಾಂಡಲ್ ಹಿಡಿದದ್ದನ್ನು ಜ್ಞಾಪಿಸಿಕೊಳ್ಳಿ. ಇದು ಸಹಜ, ಕೆಲ ದಿನಗಳಲ್ಲಿ ತಾನೇ ಸಡಿಲಬೇಕು. ಆದರೆ ಸುಸ್ತಾದ ಮೇಲೂ ಛಲದಿಂದ ಅದೇ ಜಿಗಿತವನ್ನು ನೂರಾರು ಬಾರಿ ಮಾಡುವವನ ಕೈ ಸಡಿಲುವುದೇ ಇಲ್ಲ. ಬಿಗಿಯೇ ರೂಢಿಯಾಗಿ ಕೂರುತ್ತದೆ.

ನೂರಾರು ಎಂದದ್ದು ಕಡಿಮೆಯೇ ಆಯಿತು. ಐದು ಸೆಕೆಂಡಿಗೊಂದು ಜಿಗಿತವಾದರೆ ಗಂಟೆಗೆ 720. ನಮ್ಮ ಹುಡುಗ ದಿನಕ್ಕೆ ಮೂರು ಗಂಟೆ ಜಿಗಿಯುತ್ತಿದ್ದ. ಕೈಯನ್ನು ಅಷ್ಟು ಬಾರಿ ಜಾಡಿಸಿ ಎಂದು ಬೇರೆ ಯಾರಾದರೂ ಹೇಳಿದ್ದರೆ ಅವನೇ ಒಪ್ಪುತ್ತಿರಲಿಲ್ಲ.

ಇಲ್ಲಿ ಆಟ ತಯಾರಿಸಿದವರ ಒಂದು ಅನುಕೂಲವೇ ತೊಂದರೆಗೆ ದಾರಿಯಾಗಿದೆ. ಅಭ್ಯಾಸಕ್ಕೆಂದೇ ‘ರಾಕೆಟ್ ಜಂಪರ್’ ಎಂಬ ಆಯುಧವಿದೆ. ಅದರಿಂದ ಹಾರಿದರೆ ಸೋಲ್ಜರ್‌ನ ಆರೋಗ್ಯದ ಒಂದಂಕವೂ ಕಳೆಯುವುದಿಲ್ಲ. ಗೋಡೆಯಿಂದ ಗೋಡೆಗೆ ಹಾರುತ್ತಾ ಹೋಗಲು ಹವ್ಯಾಸಿಗಳೇ ರಚಿಸಿದ ಅಭ್ಯಾಸದ ಅಂಗಳಗಳೂ ಇವೆ. ಪಾತ್ರಕ್ಕೆ ನೋವಿಲ್ಲ, ಸಾವಿಲ್ಲ, ಆದ್ದರಿಂದ ನಿಲ್ಲಿಸಲು ಕಾರಣವೂ ಇಲ್ಲ. ಆಡುವವನ ಮಣಿಕಟ್ಟಿಗೆ ಮಾತ್ರ ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವವರಿಲ್ಲ.

ಮೌಸನ್ನು ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಚಿವುಟಿದಂತೆ ಹಿಡಿದು ಮಣಿಕಟ್ಟನ್ನು ಎಡಬಲಕ್ಕೆ ಜಾಡಿಸುವಾಗ, ಹೆಬ್ಬೆರಳನ್ನು ಎತ್ತಿಹಿಡಿಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಅಂಚಿನಲ್ಲಿರುವ ಇಕ್ಕಟ್ಟಾದ ಪೊರೆಯೊಳಗೆ ಹಗ್ಗದಂತೆ ಉಜ್ಜುತ್ತವೆ. ಪೊರೆ ದಪ್ಪವಾಗಿ, ಒಳಗೆ ಜಾಗ ಸಾಲದೆ ನೋವು ಆರಂಭವಾಗುತ್ತದೆ. ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ವರ್ಣಿಸಿದ್ದರಿಂದ ಈ ಕಾಯಿಲೆಗೆ ಅವನ ಹೆಸರೇ ಇದೆ. ಹಸುಗೂಸನ್ನು ಎತ್ತಿ ಎತ್ತಿ ಇಳಿಸುವ ಬಾಣಂತಿಯರಲ್ಲಿ ನಾವು ಇದನ್ನು ಹಿಂದಿನಿಂದಲೂ ನೋಡುತ್ತಾ ಬಂದಿದ್ದೇವೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಮಣಿಕಟ್ಟನ್ನು ಮೆಲ್ಲಗೆ ಕಿರುಬೆರಳ ಕಡೆಗೆ ಬಾಗಿಸಿ ನೋಡಿ. ಹೆಬ್ಬೆರಳ ಬುಡದಲ್ಲಿ ಚುಚ್ಚಿದಂಥ ತೀವ್ರ ನೋವು ಬಂದರೆ ಇದನ್ನು ಸಂದೇಹಿಸಬೇಕು. ನಮ್ಮ ಹುಡುಗ ಹಾಗೆ ಮಾಡಿದಾಗ “ಅಮ್ಮಾ” ಎಂದು ಚೀರಿದ. ಅಮ್ಮ ಪಕ್ಕದಲ್ಲೇ ಇದ್ದರು.

ಆಟದಿಂದ ಬರುವ ಇಂಥ ನೋವು ಹೊಸತೇನಲ್ಲ. ನಿಂಟೆಂಡೊ ಆಟವನ್ನು ಐದು ಗಂಟೆ ಬಿಡದೆ ಆಡಿ ಹೆಬ್ಬೆರಳು ನೋಯಿಸಿಕೊಂಡ 35 ವರ್ಷದ ಮಹಿಳೆಯ ಬಗ್ಗೆ 1990ರಲ್ಲೇ ಅಮೆರಿಕದ ಪ್ರಮುಖ ವೈದ್ಯಕೀಯ ಪತ್ರಿಕೆಯೊಂದು ವೈದ್ಯರ ಪತ್ರ ಪ್ರಕಟಿಸಿತ್ತು. ಮಕ್ಕಳನ್ನು ಮಾತ್ರ ಗದರಿಸುವ ಹಿರಿಯರು ಇದನ್ನು ಗಮನಿಸಬೇಕು.

ಎಡಗೈಯ ಕಥೆ ಬೇರೆ. ಅಲ್ಲಿ ಕಷ್ಟಕ್ಕೆ ಸಿಕ್ಕುವುದು ಕಿರುಬೆರಳು. ಕಂಟ್ರೋಲ್ ಕೀಲಿ ಮೂಲೆಯಲ್ಲಿರುವುದರಿಂದ ಬೆರಳನ್ನು ಚಾಚಿ, ಮಣಿಕಟ್ಟನ್ನು ಹೊರಕ್ಕೆ ತಿರುಚಬೇಕಾಗುತ್ತದೆ. ಜೊತೆಗೆ ಮೊಣಕೈಯನ್ನು ಮೇಜಿನ ಅಂಚಿಗೆ ಊರಿ ಕುಳಿತರೆ ಅಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಕೊಳ್ಳುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಭಾಗ ಜುಮ್ಮೆನ್ನುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಅದು ಇನ್ನೊಂದು ನರದ್ದು. ಮಣಿಕಟ್ಟಿನ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಹಾದುಹೋಗುವ ಮೀಡಿಯನ್ ನರ. ಕಂಪ್ಯೂಟರ್ ಬಳಕೆಯೊಂದರಿಂದಲೇ ಈ ಸುರಂಗದ ಕಾಯಿಲೆ ಬರುತ್ತದೆಯೇ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಜುಮ್ಮೆನ್ನುವುದನ್ನು ಅಲಕ್ಷಿಸಬಾರದು ಎಂಬ ಬಗ್ಗೆ ಒಮ್ಮತವಿದೆ.

ಹಾಗಾದರೆ ಹೇಗೆ ಕಲಿಯಬೇಕು? ಸಂಗೀತದ ಮೇಷ್ಟರನ್ನು ಕೇಳಿ. ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ ಗಟ್ಟಿ ಮಾಡದೆ ಮೂರನೇ ಕಾಲಕ್ಕೆ ಹೋಗಲು ಯಾವ ಗುರುವೂ ಬಿಡುವುದಿಲ್ಲ. ಜಿಗಿತವನ್ನೂ ಹಾಗೆಯೇ ಬಿಡಿಸಿಕೊಳ್ಳಿ. ಮೊದಲು ರಾಕೆಟ್ ಇಲ್ಲದೆ ಬರೀ ನೆಗೆಯುವುದು ಮತ್ತು ಮುದುರುವುದು. ಅದು ಒಟ್ಟಿಗೆ ಬಂದ ಮೇಲೆ ನಿಂತಲ್ಲಿಂದ ನೇರ ಮೇಲಕ್ಕೆ ಒಂದು ಹಾರು. ಆಮೇಲೆ ಮುಂದಕ್ಕೆ. ಗಾಳಿಯಲ್ಲಿ ಬಾಗುವುದು ಎಲ್ಲಕ್ಕೂ ಕೊನೆಗೆ. ಒಂದು ಸಲ ಕುಳಿತರೆ 20 ನಿಮಿಷ ಸಾಕು. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಸತತವಾಗಿ ನಾಲ್ಕೈದು ಬಾರಿ ತಪ್ಪಿದರೆ ಛಲ ಹಿಡಿಯಬೇಡಿ, ಎದ್ದು ನೀರು ಕುಡಿದು ಬನ್ನಿ. ಸುಸ್ತಾದ ಕೈ ತಪ್ಪನ್ನೇ ಕಲಿಯುತ್ತದೆ.

ಚಲನೆ ಸ್ವಲ್ಪ ರೂಢಿಯಾದ ಮೇಲೆ ಒಂದೇ ಗೋಡೆಯ ಮುಂದೆ ನಿಲ್ಲಬೇಡಿ. ಒಮ್ಮೆ ಎತ್ತರದ ಗೋಡೆ, ಒಮ್ಮೆ ದೂರದ ಅಟ್ಟ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಹೀಗೆ ಕಲಸಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದಂತೆ ಕಂಡರೂ, ದಿನಗಳ ನಂತರ ಪರೀಕ್ಷಿಸಿದಾಗ ಮುಂದಿರುತ್ತಾರೆ ಎಂಬುದನ್ನು ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ತೋರಿಸಿದರು. ಕೈಗೂ ಇದು ಕ್ಷೇಮ. ಒಂದೇ ಸ್ನಾಯುರಜ್ಜು ಒಂದೇ ರೀತಿಯಲ್ಲಿ ಉಜ್ಜುವುದು ತಪ್ಪುತ್ತದೆ.

ಮೌಸನ್ನು ಮಣಿಕಟ್ಟಿನಿಂದ ಜಾಡಿಸುವ ಬದಲು ಮುಂಗೈಯನ್ನು ಮೇಜಿಗೆ ಒರಗಿಸಿ ಇಡೀ ಮುಂಗೈಯಿಂದ ಸರಿಸುವುದನ್ನು ರೂಢಿಸಿಕೊಳ್ಳಿ. ಹಿಡಿತ ಎಷ್ಟಿರಬೇಕು? ಪಕ್ಕದವರು ಎಳೆದರೆ ಮೌಸ್ ಕೈಬಿಟ್ಟು ಬರುವಷ್ಟು. ಮುದುರುವ ಕೀಲಿಯನ್ನು ಮೂಲೆಯಲ್ಲೇ ಇಡಬೇಕೆಂಬ ನಿಯಮವೇನಿಲ್ಲ. ಬೆರಳಿಗೆ ಎಟುಕುವ ಬೇರೆ ಕೀಲಿಗೆ ಬದಲಾಯಿಸಲು ಆಟದಲ್ಲೇ ಅವಕಾಶವಿದೆ. ಕುರ್ಚಿಯ ಎತ್ತರ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತಿರಲಿ. ಊಟದ ಕುರ್ಚಿಗೆ ದಿಂಬು ಹಾಕಿದರೂ ಆದೀತು, ಇದಕ್ಕಾಗಿ ಸಾವಿರಾರು ರೂಪಾಯಿಯ ಆಸನ ಬೇಕಾಗಿಲ್ಲ. ಚಳಿಗಾಲದಲ್ಲಿ ತಣ್ಣಗಿನ ಕೈಯಲ್ಲಿ ಕೂಡಲೇ ಆರಂಭಿಸಬೇಡಿ, ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ.

ಕೆಲವರಿಗೆ ಈ ವೇಗದ ಹಾರಾಟದಿಂದ ತಲೆ ಸುತ್ತಿ ಓಕರಿಕೆ ಬರುತ್ತದೆ. ಕಣ್ಣು ‘ಹಾರುತ್ತಿದ್ದೇವೆ’ ಎನ್ನುತ್ತದೆ, ಒಳಗಿವಿ ‘ಕುಳಿತಿದ್ದೇವೆ’ ಎನ್ನುತ್ತದೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಆಗುವುದರ ತಿರುಗುಮುರುಗು ಇದು. ದೀಪ ಹಾಕಿಕೊಂಡು, ಪರದೆಯಿಂದ ತುಸು ದೂರ ಕುಳಿತು, ಹಂತಹಂತವಾಗಿ ಹೊತ್ತು ಹೆಚ್ಚಿಸಿದರೆ ಅನೇಕರಿಗೆ ಒಗ್ಗುತ್ತದೆ. ಒಗ್ಗದವರು ಬಲವಂತ ಮಾಡಿಕೊಳ್ಳಬಾರದು.

ನೋವಿನ ಮಾತ್ರೆ ನುಂಗಿ ಆಡಲು ಕೂರುವುದಂತೂ ಖಂಡಿತ ಕೂಡದು. ಮಾತ್ರೆ ಎಚ್ಚರಿಕೆಯ ಗಂಟೆಯನ್ನು ಮುಚ್ಚುತ್ತದೆಯೇ ಹೊರತು ಉಜ್ಜುವುದನ್ನು ನಿಲ್ಲಿಸುವುದಿಲ್ಲ. ಪದೇಪದೇ ನುಂಗಿದರೆ ಜಠರಕ್ಕೆ, ಮೂತ್ರಪಿಂಡಕ್ಕೆ ಪೆಟ್ಟು. ಎರಡು ವಾರ ಬಿಡುವು ಕೊಟ್ಟರೂ ನೋವು ಇಳಿಯದಿದ್ದರೆ, ರಾತ್ರಿ ಕೈ ಜುಮ್ಮೆಂದು ಎಚ್ಚರವಾದರೆ, ಲೋಟ ಕೈಜಾರತೊಡಗಿದರೆ, ಬೆರಳು ಮಡಚಿದಲ್ಲೇ ಸಿಕ್ಕಿಕೊಂಡರೆ, ಹೆಬ್ಬೆರಳ ಬುಡದ ಮಾಂಸಲ ಭಾಗ ಸೊರಗಿದಂತೆ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಆಟವೆಂದರೆ ಎಲ್ಲವೂ ಕೆಡುಕೆಂದು ನಾನು ಹೇಳುವವನಲ್ಲ. ದಿನಕ್ಕೊಂದು ಗಂಟೆಯಂತೆ ಹತ್ತು ದಿನ ಇಂಥ ಕಾಳಗದ ಆಟ ಆಡಿದವರಲ್ಲಿ ನೋಟದ ಅವಧಾನ ಹೆಚ್ಚಿತೆಂದು ಗ್ರೀನ್ ಮತ್ತು ಬೆವೆಲಿಯರ್ 2003ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿಯೂ ದಿನಕ್ಕೊಂದೇ ಗಂಟೆ ಎಂಬುದನ್ನು ನೋಡಿದಿರಲ್ಲ? ಆಟದ ಮೇಲಿನ ಹತೋಟಿಯೇ ತಪ್ಪಿ, ಓದು, ಊಟ, ಸ್ನೇಹ ಎಲ್ಲವನ್ನೂ ಬದಿಗೊತ್ತಿ, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿ ಬೇರೆಯದೇ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದು 2022ರಿಂದ ಜಾರಿಗೆ ಬಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗಾಗಿಯೇ ‘ಶಟ್’ ಎಂಬ ಚಿಕಿತ್ಸಾಲಯ 2014ರಲ್ಲಿ ಆರಂಭವಾಯಿತು. ಕೈನೋವು ಬಂದ ಪ್ರತಿಯೊಬ್ಬನೂ ಆ ಸಾಲಿಗೆ ಸೇರಿದವನಲ್ಲ.

ನಮ್ಮ ಹುಡುಗ ಸೇರಿರಲಿಲ್ಲ. ಹೆಬ್ಬೆರಳಿಗೆ ಆಸರೆ ಪಟ್ಟಿ ಕಟ್ಟಿ ಮೂರು ವಾರ ಮೌಸ್ ಮುಟ್ಟಬಾರದೆಂದು ಹೇಳಿದೆ. ಎರಡನೆಯ ವಾರ ಅವನ ತಂಡಕ್ಕೊಂದು ಪಂದ್ಯವಿತ್ತು. ಅವನ ಜಾಗದಲ್ಲಿ ಬೇರೊಬ್ಬ ಆಡಿದ, ತಂಡ ಸೋತಿತು. ಆ ಕೋಪ ನನ್ನ ಮೇಲೆ ಇನ್ನೂ ಇದೆ ಎಂದು ತೋರುತ್ತದೆ. ನಾಲ್ಕನೆಯ ವಾರ ಬಂದಾಗ ಮುಷ್ಟಿ ಬಾಗಿಸಿದರೆ ಸಣ್ಣ ಎಳೆತ ಮಾತ್ರ ಉಳಿದಿತ್ತು. ಸಂಜೆ 20 ನಿಮಿಷ ಜಿಗಿಯಲು ಅನುಮತಿ ಕೊಟ್ಟೆ, ಹತ್ತೂವರೆಗೆ ಮಲಗಬೇಕೆಂಬ ಷರತ್ತಿನ ಮೇಲೆ.

ಪರೀಕ್ಷೆ ಮುಗಿದ ವಾರ ಮತ್ತೆ ಬಂದ. ಮೂರು ಗಂಟೆಯ ಪತ್ರಿಕೆಗಳನ್ನು ಬರೆದು ಮುಗಿಸಿದ್ದನಂತೆ, ಕೊನೆಯ ಅರ್ಧ ಗಂಟೆ ಕೈ ಸ್ವಲ್ಪ ನೋಯುತ್ತಿತ್ತಂತೆ. ಜಿಗಿತ ಏನಾಯಿತೆಂದು ಕೇಳಿದೆ. “ಮುಂಚೆ ಹತ್ತಕ್ಕೆ ಮೂರು ಸರಿಯಾಗ್ತಿತ್ತು ಸಾರ್, ಈಗ ಏಳು ಆಗುತ್ತೆ” ಎಂದ.

“ಇಪ್ಪತ್ತು ನಿಮಿಷ ಅಂತ ಹೇಳಿ ನೀವೇ ಅವನಿಗೆ ಕಲಿಸಿಕೊಟ್ಟ ಹಾಗಾಯ್ತು ಡಾಕ್ಟ್ರೇ” ಎಂದರು ತಾಯಿ.